ಸಂಕವ್ವನ ಜೇನುಪೆಟ್ಟಿಗೆ

ನಾನು ಒಂದು ಜೇನುಪೆಟ್ಟಿಗೆ. ಕುಕನೂರಿನ ಮೌನೇಶಪ್ಪ ಬಡಿಗೇರರು ಯಾರದೋ ಮನೆಯ ಹಳೆಯ ಸಾಗುವಾನಿ ಬಾಗಿಲನ್ನು ಕೊಯ್ದು ನನ್ನನ್ನು ಮಾಡಿದರು. ಅಷ್ಟು ದೊಡ್ಡ ಬಾಗಿಲಿಂದ ಹುಟ್ಟಿದ ನನಗೆ ಅವರು ಇಟ್ಟ ಬಾಗಿಲು ಕಿರುಬೆರಳಿನಷ್ಟು.

ಮೊದಲು ಕೊಂಡವರು ಶಾಂತವೀರಯ್ಯ ಮಾಸ್ತರರು. ಸುತ್ತ ಸೂರ್ಯಕಾಂತಿ ಇರುವವರೆಗೆ ನನ್ನ ಹೊಟ್ಟೆ ತುಂಬಿತ್ತು. ಆಮೇಲೆ ಊರಿಗೆ ಊರೇ ಗೋವಿನಜೋಳಕ್ಕೆ ತಿರುಗಿತು. ಗೋವಿನಜೋಳದಲ್ಲಿ ಮಕರಂದ ಎಲ್ಲಿಂದ ಬರಬೇಕು? ಜೇನುಹುಳುಗಳು ಒಂದು ದಿನ ಎದ್ದು ಹೋದವು. ಮಾಸ್ತರರು ನನ್ನನ್ನು ಸಂಕವ್ವನಿಗೆ ಕೊಟ್ಟುಬಿಟ್ಟರು.

ಸಂಕವ್ವ ಸೌತೆ ಬೆಳೆಯುವವಳು. ಕಾಯಿ ಸೊಟ್ಟಗೆ ಬರುವುದೇ ಅವಳ ಚಿಂತೆ. ನನ್ನೊಳಗೆ ಹೊಸ ಜೇನು ಕೂಡಿಸಿದ ಮೇಲೆ ಹುಳುಗಳು ಹೂವಿಂದ ಹೂವಿಗೆ ಪರಾಗ ಮುಟ್ಟಿಸಿ ಕಾಯಿ ನೆಟ್ಟಗಾದವು, ಅವಳಿಗೆ ನನ್ನ ಮೇಲೆ ಹುಚ್ಚು ಮಮತೆ ಹುಟ್ಟಿತು. ಪಕ್ಕದ ಬದನೆ ಹೊಲದ ಯಮನೂರಪ್ಪನಿಗೆ, ಹುಳು ಗೂಡು ಸೇರಿದ ಮೇಲೆ ಎಣ್ಣೆ ಹೊಡೆ ಎಂದು ಹೇಳಿ ಬಂದಳು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ಅವನ ಬದನೆಗೆ ನೀರು ಇವಳ ಬಾವಿಯದು. ಅವನು ಒಪ್ಪಿದ, ಹಾಗೆಯೇ ನಡೆದ.

ಬೇಸಿಗೆಯಲ್ಲಿ ಇರುವೆ ತಡೆಯಲೆಂದು ನನ್ನ ಕಾಲಡಿ ಇಟ್ಟಿದ್ದ ನೀರಿನ ಬಟ್ಟಲುಗಳು ಒಣಗಿ ಇರುವೆ ಹತ್ತಿದವು. ಸಂಕವ್ವ ಇರುವೆ ಕೊಲ್ಲುವ ಸೀಮೆಸುಣ್ಣ ತಂದು ನಾಲ್ಕೂ ಕಾಲಿಗೆ ಗೆರೆ ಎಳೆದಳು. ದಿನಾ ಹೊಸ್ತಿಲಿಗೆ ರಂಗೋಲಿ ಹಾಕುವ ಕೈ ಅಷ್ಟಕ್ಕೇ ನಿಲ್ಲಲಿಲ್ಲ. ನನ್ನ ಹೊಸ್ತಿಲಿಗೂ ಅದೇ ಸೀಮೆಸುಣ್ಣದ ಎರಡೆಳೆ, ಮೇಲೊಂದು ಬಳ್ಳಿ.

ಹುಳುಗಳು ಅದನ್ನು ತುಳಿದೇ ಓಡಾಡಿದವು. ವಾರದೊಳಗೆ ಬಾಗಿಲಲ್ಲೇ ನಡುಗಿ ಬಿದ್ದವು. ಸಂಕವ್ವನ ಅಳಿಯ ಇದು ಮೊಬೈಲ್ ಟವರಿನ ಕೆಲಸ ಎಂದ. ಮಾಸ್ತರರು ರೋಗ ಎಂದರು. ಸಂಕವ್ವ ಮಾತ್ರ ನೆಟ್ಟಗೆ ಯಮನೂರಪ್ಪನ ಬದುವಿಗೆ ಹೋದಳು.

"ನಿನ್ನ ಎಣ್ಣಿ ನನ್ನ ಹುಳಾ ನುಂಗೇತಿ. ಇನ್ನ ನಮ್ಮ ಬಾವಿ ನೀರು ನಿನಗಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬದನೆ ಬಾಡತೊಡಗಿತು. ಯಮನೂರಪ್ಪ ಜಗಳಕ್ಕೆಂದೇ ಬಂದವನು ನನ್ನ ಮುಂದೆ ಕುಕ್ಕರಿಸಿ ಸತ್ತ ಹುಳುಗಳನ್ನು ನೋಡಿದ. ಹೊಸ್ತಿಲ ಮೇಲೆ ಬೆರಳಾಡಿಸಿದ. ಬೆರಳು ಬೆಳ್ಳಗಾಯಿತು.

"ಅಕ್ಕಾರ, ಇದೇನು ಹಚ್ಚೀರಿ?"

"ಇರಬಿ ಬರಬಾರದಂತ..." ಎಂದವಳು ಸೆರಗಿನಿಂದ ನನ್ನ ಹೊಸ್ತಿಲನ್ನು ಒರೆಸುತ್ತ ಅತ್ತಳು. ಅಂದೇ ಅವನ ಹೊಲಕ್ಕೆ ನೀರು ಬಿಟ್ಟಳು.

ಯಮನೂರಪ್ಪನ ಎಣ್ಣೆಯೇನೂ ಅಮೃತವಲ್ಲ, ಆದರೆ ಆ ಸಲದ ತಪ್ಪು ಅವನದಲ್ಲ. ಮನುಷ್ಯರು ದ್ವೇಷದಿಂದ ಕೊಂದದ್ದನ್ನು ನಾನು ನೋಡಿಲ್ಲ. ಪ್ರೀತಿಯಿಂದ ಕೊಂದದ್ದನ್ನು ನೋಡಿದ್ದೇನೆ.

ಈಗ ನಾನು ಬರಿದಾಗಿ ಪಂಪಿನ ಮನೆಯ ಮೂಲೆಯಲ್ಲಿದ್ದೇನೆ, ತಲೆಯ ಮೇಲೆ ಸುತ್ತಿಟ್ಟ ಪೈಪು. ಇಲ್ಲಿಂದ ಸೌತೆಯ ಪಾತಿ ಕಾಣುತ್ತದೆ. ಬೆಳಿಗ್ಗೆ ಸಂಕವ್ವ ಹುಳುಗಳ ಬದಲಿಗೆ ತಾನೇ ಗಂಡುಹೂ ಕಿತ್ತು ಹೆಣ್ಣುಹೂಗಳಿಗೆ ಒಂದೊಂದಾಗಿ ಮುಟ್ಟಿಸುತ್ತಾಳೆ. ಪಕ್ಕದ ಸಾಲಿನಲ್ಲಿ ಯಮನೂರಪ್ಪನೂ ಬಗ್ಗಿರುತ್ತಾನೆ. ಹೊತ್ತೇರಿ ಹೂಗಳು ಮುದುಡತೊಡಗಿದರೂ ಇಬ್ಬರ ಕೈ ಅರ್ಧ ಪಾತಿಯನ್ನೂ ದಾಟಿರುವುದಿಲ್ಲ.