ಎರಡನೇ ಬಾಟಲಿಯ ಹಾಲು

ಮುಂಬಯಿಯ ಮುಲುಂಡಿನ ನೀಲಾವತಿಯಕ್ಕನ ಕಾಫಿ ಕಹಿ ಅಂತ ಇಡೀ ಬಿಲ್ಡಿಂಗಿಗೇ ಗೊತ್ತು. ಗೊತ್ತಿಲ್ಲದ್ದು ಅವಳೊಬ್ಬಳಿಗೆ. ಅವಳು ಕುಡಿಯುವುದು ಆ ದಿನದ ಹಾಲು; ಬಂದವರಿಗೆ ಫ್ರಿಜ್‌ನ ಹಾಲು. ಒಂದು ಗುಟುಕು ಕುಡಿದು "ಹೊತ್ತಾಯ್ತು" ಅಂತ ಎದ್ದವರು ಮತ್ತೆ ಬರಲಿಲ್ಲ. ಗಂಡ ಸತ್ತವಳ ಮನೆ ಯಾರಿಗೆ ಬೇಕು ಅಂತ ಅವಳು ಬಾಗಿಲು ಹಾಕಿಕೊಂಡು ಅಳುತ್ತಿದ್ದಳು.

ಒಂದು ಸಂಜೆ ಮೇಲಿನ ಮನೆಯ ವಿನೋದಿನಿ ಮನಸ್ಸು ತಡೆಯದೆ ಬಂದಳು. ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಹುಡುಗಿ. ಹಿಂದೊಮ್ಮೆ ಅವಳೂ ಎದ್ದು ಹೋದವಳೇ. ಈ ಸಲ ಏಳಲಿಲ್ಲ.

"ಅಕ್ಕಾ, ಈ ಹಾಲು ಯಾವಾಗಿನದ್ದು?"

"ಫ್ರಿಜ್‌ನಲ್ಲಿ ಇಟ್ಟದ್ದು ಮಾರಾಯ್ತಿ! ಈಗಷ್ಟೇ ಉಕ್ಕಿಸಿದ್ದೇನೆ."

"ಉಕ್ಕಿಸಿದ್ದು ಈಗ. ತಂದದ್ದು?"

ನೀಲಾವತಿ ತಲೆ ತಗ್ಗಿಸಿದಳು. "ಅದು ನಮ್ಮವರ ಪಾಲಿನದ್ದು. ಡೇರಿಯ ಮಿಲ್ಕ್ ಕಾರ್ಡಿನಲ್ಲಿ ದಿನಕ್ಕೆ ಎರಡು ಬಾಟಲಿ ಉಂಟಲ್ಲ, ಒಂದು ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ. ಅವರು ಹೋಟೆಲ್ ಕೆಲಸದಿಂದ ಬಂದ ಮೇಲೆ ಕಾಯಿಸುವ ಅಂತ ಹಸಿಯಾಗಿಯೇ ಪಾತ್ರೆಗೆ ಹೊಯ್ದು ಇಡ್ತಿದ್ದೆ. ಈಗಲೂ ಇಡ್ತೇನೆ. ದಿನ ಕಳೆದ ಮೇಲೆ ಕಾಫಿಗೆ ಹಾಕ್ತೇನೆ."

"ಪಾತ್ರೆ ಎಂತದ್ರಲ್ಲಿ ತಿಕ್ಕುದು?"

"ಮಣ್ಣಲ್ಲಿ. ಅಮ್ಮ ಕಲಿಸಿದ್ದು."

"ಅಲ್ಲೇ ಉಂಟು ನೋಡಿ. ಮಣ್ಣಲ್ಲಿ ಕಣ್ಣಿಗೆ ಕಾಣದ ಜೀವಿಗಳುಂಟು. ಕೆಲವಕ್ಕೆ ಚಳಿ ಲೆಕ್ಕಕ್ಕೇ ಇಲ್ಲ, ಫ್ರಿಜ್‌ನಲ್ಲೂ ಬೆಳೀತವೆ. ಹಾಲಿನ ಪ್ರೋಟೀನ್ ಅರಗಿಸ್ಲಿಕ್ಕೆ ಒಂದು ಕಿಣ್ವ ಬಿಡ್ತವೆ, ನಮ್ಮ ಹೊಟ್ಟೆಯ ರಸದ ಹಾಗೆ. ಹಾಲು ಕಹಿಯಾಗುದು ಅದರಿಂದ."

"ಕುದಿಸಿದ್ರೆ ಸಾಯುದಿಲ್ವಾ?"

"ಜೀವಿ ಸಾಯ್ತದೆ. ಅದು ಬಿಟ್ಟ ಕಿಣ್ವ ಉಳೀತದೆ, ಆಗಿಹೋದ ಕಹಿಯೂ ಉಳೀತದೆ."

"ಸುಮ್ಮನಿರು! ಕೊತಕೊತ ಕುದಿಯುವ ಹಾಲಲ್ಲಿ ಎಂತ ಉಳಿಯುದು?"

"ನೀವೇ ಕುಡಿದು ನೋಡಿ."

ನೀಲಾವತಿ ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು. ಕಣ್ಣು ತುಂಬಿ ಬಂತು.

"ಅಯ್ಯೋ, ಜನ ಬಾರದ್ದು ಇದಕ್ಕಾ? ನಾನು ಬೇಡ ಅಂತ ಅಲ್ವಾ?"

"ಅಲ್ಲ ಅಕ್ಕಾ. ಹೇಳ್ಲಿಕ್ಕೆ ನಮಗೆ ಬಾಯಿ ಬರ್ಲಿಲ್ಲ. ಅದು ನಮ್ಮ ತಪ್ಪು."

ಎರಡನೇ ಬಾಟಲಿಯನ್ನು ನೀಲಾವತಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಪಾತ್ರೆಗೆ ಕುದಿನೀರು ಹೊಯ್ದು ತೊಳೆದಳು, ಹಾಲು ಬಂದ ಕೂಡಲೇ ಕಾಯಿಸಿದಳು. ಆಮೇಲೆ ಬಾಗಿಲು ತೆರೆದು ಮೆಟ್ಟಿಲ ಕಡೆ ಕೂಗಿದಳು: "ವಿನೋದಿನೀ, ಅವರ ಪಾಲು ಉಂಟು, ಬಾ!"

ಅಕ್ಕಂದಿರೇ, ತಂಗಿಯರೇ, ಹಾಲಿನ ಪಾತ್ರೆಗೆ ಮಣ್ಣು ಮುಟ್ಟಿಸಬೇಡಿ, ಕುದಿನೀರಲ್ಲಿ ತೊಳೆಯಿರಿ. ಹಾಲು ತಂದ ಕೂಡಲೇ ಕಾಯಿಸಿ. ಫ್ರಿಜ್ ಇದೆಯಲ್ಲ ಅಂತ ದಿನಗಟ್ಟಲೆ ಇಡಬೇಡಿ. ಮತ್ತೆ, ಪಕ್ಕದ ಮನೆಯ ಕಾಫಿ ಕಹಿಯಾದರೆ ಎದ್ದು ಹೋಗಬೇಡಿ. ಕೂತು ಹೇಳಿ.