ಒಂದೇ ಕೆನ್ನೆಯ ಪೌಡರು

ಎಡಗೆನ್ನೆಗೆ ಪೌಡರು ಹಚ್ಚಿ ಮುಗಿದಿತ್ತು. ಹಸೀನಾಬಿ ಮಾದೇವಿಯ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಅರ್ಧ ಮುಖ ಬೇರೆ ಯಾರದೋ ಆಗಿತ್ತು.

"ಬಣ್ಣಾ ಹೆಂಗ ಏರೇತಿ ನೋಡ್ರಿ ಟೀಚರ. ಆ ಕಡೇದೂ ಮುಗಸಿಬಿಡತೇನಿ. ನಗಬ್ಯಾಡ್ರಿ ಮತ್ತ, ಗೆರಿ ಬೀಳತಾವ."

ಅಣ್ಣಿಗೇರಿ ಪೇಟೆಯ ಆ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿಯುವವನು ದಾವಲಸಾಬ. ಹೆಂಗಸರ ಮುಖ ಮುಟ್ಟುವ ಕೆಲಸ ಅವನ ಹೆಂಡತಿ ಹಸೀನಾಬಿಯದು. ಪರದೆಯ ಹಿಂದೆ ಒಂದು ಬೆಂಚು, ಕನ್ನಡಿ, ಗುಲಾಬಿ ಬಣ್ಣದ ಪಫ್ ಇಟ್ಟ ದುಂಡನೆಯ ಡಬ್ಬಿ. ಬೆಂಚಿನ ಕೆಳಗೆ ತಗಡಿನ ಮುಚ್ಚಳವೊಂದರಲ್ಲಿ ಹತ್ತಿಯ ಉಂಡೆ. ಊರವರಿಗೆ ಪಫ್, ಕೇರಿಯವರಿಗೆ ಹತ್ತಿ. ಅತ್ತೆಯ ಕಾಲದಿಂದ ಬಂದ ರೂಢಿ. ಹಸೀನಾಬಿ ಅದನ್ನು ಯಾಕೆಂದು ಕೇಳಿದವಳೂ ಅಲ್ಲ, ಬಿಟ್ಟವಳೂ ಅಲ್ಲ.

ಇವತ್ತು ಮಾತ್ರ ತಪ್ಪಿದ್ದಳು. ಮಾದೇವಿಯ ಕೈಗಡಿಯಾರ, ಪುಸ್ತಕದ ಹಾಗಿದ್ದ ಮಾತು ನೋಡಿ ಊರು ಯಾವುದೆಂದು ಕೇಳಿದ್ದಳೇ ಹೊರತು ಓಣಿ ಯಾವುದೆಂದು ಕೇಳಿರಲಿಲ್ಲ. ತಾಯಿ ಬಸವಣ್ಣೆವ್ವ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಪೇಟೆಯ ಯಾವ ಅಂಗಡಿಗೆ ಹೋದರೂ ಅವಳು ಕೂರುವುದು ಅಲ್ಲೇ.

ಫೋಟೋ ಗದಗಿಗೆ ಹೋಗಬೇಕಿತ್ತು. ಹುಡುಗ ತರಬೇತಿ ಕಾಲೇಜಿನಲ್ಲಿ ಮಾದೇವಿಗಿಂತ ಒಂದು ವರ್ಷ ಮುಂದಿದ್ದವನು, ಮಾಡಿಕೊಂಡರೆ ಅವಳನ್ನೇ ಅಂದಿದ್ದ. ಅವನ ಸೋದರಮಾವ ಕಾಗದ ಬರೆಸಿದ್ದ: 'ಹುಡುಗಿ ಕರಿ ಅಂತ ಕೇಳೇವಿ. ಮೊದಲ ಫೋಟೋ ಕಳಸ್ರಿ, ಆಮ್ಯಾಲ ಮಾತು.' ಮಾದೇವಿಗೂ ಆ ಹುಡುಗ ಬೇಕಾಗಿದ್ದ. ಅದಕ್ಕೇ ಎಂಟು ದಿನ ಕಡಲೆಹಿಟ್ಟು, ಅರಿಷಿಣ ತಿಕ್ಕಿಕೊಂಡು ಶಲವಡಿಯಿಂದ ಬಸ್ಸು ಹತ್ತಿ ಬಂದಿದ್ದಳು.

ಹೊರಗೆ ಚಪ್ಪಲಿಯ ಸದ್ದು ನಿಂತಿತು.

"ಏನಬೇ ಬಸವಣ್ಣಿ, ಇಲ್ಲ್ಯಾಕ ಕುಂತಿ?" ಶಲವಡಿಯ ಜಮೀನುದಾರರ ಮನೆಯ ನೀಲಕ್ಕನ ದನಿ. ತನ್ನ ಮಗಳ ಫೋಟೋ ತೆಗೆಸಲು ಬಂದಿದ್ದಳು.

"ಮಗಳು ಒಳಗ ಅದಾಳ್ರೀ ಎವ್ವಾರ. ಫೋಟೋಕ್ಕ."

ನೀಲಕ್ಕ ಪರದೆ ಸರಿಸಿದಳು. ಮಾದೇವಿಯನ್ನಲ್ಲ, ಪಫ್ ನೋಡಿದಳು.

"ಹಸೀನಾಬಿ, ಕಣ್ಣಿಗೆ ಪೊರಿ ಬಂದೈತೇನು? ನಮ್ಮೂರ ಕೇರಿ ಹನಮಪ್ಪನ ಮಗಳಿಕಿ. ಇನ್ನ ಅದನ್ನ ನನ್ನ ಮಗಳ ಮಾರಿಗೆ ತಿಕ್ಕತೀಯೇನು?"

"ಗೊತ್ತಾಗ್ಲಿಲ್ರೀ ಅಕ್ಕಾರ."

ಹಸೀನಾಬಿ ಪಫ್ ಕೆಳಗಿಟ್ಟು ಬಗ್ಗಿದಳು. ಹಲವು ಮುಖಗಳ ಬೆವರಿಗೆ ಕಂದಿ ಗಂಟುಗಟ್ಟಿದ ಹತ್ತಿಗೆ ಪೌಡರು ಸುರುವಿಕೊಂಡು ಬಲಗೆನ್ನೆಗೆ ತಂದಳು. ಮಾದೇವಿ ಅವಳ ಮುಂಗೈ ಹಿಡಿದು ತಡೆದಳು.

"ಇಲ್ಲೇ ತಗಸಿದ್ದ ನಮ್ಮ ಅಕ್ಕನ ಲಗ್ನದ ಫೋಟೋಕ್ಕೂ ಇದನ್ನ ಹಚ್ಚಿದ್ರೇನು?"

ಹಸೀನಾಬಿ ಕೈಯಲ್ಲಿದ್ದ ಹತ್ತಿಯನ್ನು ನೋಡಿದಳು. ಹೊಸ್ತಿಲ ಆಚೆಯಿಂದಲೇ ಬಸವಣ್ಣೆವ್ವ ಕೂಗಿದಳು, "ಹಚ್ಚಿಸಿಕೋ ಬೇ ನನ್ನವ್ವ. ಫೋಟೋದಾಗ ಹತ್ತಿ ಕಾಣಸ್ತೈತೇನು? ಅವರು ನೋಡೂದು ಮಾರಿನ."

"ಮಾರಿ ತೊಳಕೊಳ್ಳಾಕ ನೀರು ಕೊಡ್ರಿ" ಅಂದಳು ಮಾದೇವಿ.

"ಹುಚ್ಚೀ, ಗದಗಿನವರು ಒಲ್ಲೆವು ಅಂದ್ರ?" ಅಂದಳು ತಾಯಿ.

"ಅಂದ್ರ ಅನ್ಲಿ." ದನಿ ಅಷ್ಟೇನೂ ಗಟ್ಟಿಯಿರಲಿಲ್ಲ.

ನೀಲಕ್ಕ ನಕ್ಕಳು. "ಸಾಲಿ ಕಲತಾಳಲ್ಲ, ಸೊಕ್ಕು. ಹಸೀನಾಬಿ, ಹೊಸಾ ಪಫ್ ತಗಿ."

"ಹೊಸಾದಿಲ್ರೀ ಅಕ್ಕಾರ. ಇರೂದು ಅದೊಂದ."

"ಹಂಗಾರ ಹುಬ್ಬಳ್ಳ್ಯಾಗ ತಗಸೂಣು, ನಡೀಬೇ" ಎಂದು ನೀಲಕ್ಕ ಮಗಳ ರಟ್ಟೆ ಹಿಡಿದಳು. ಆ ಹುಡುಗಿ ಹೊಸ ಸೀರೆಯ ನಿರಿಗೆ ಎತ್ತಿಕೊಂಡು, ಎರಡು ಸಲ ತಿರುಗಿ ನೋಡುತ್ತ ಮೆಟ್ಟಿಲಿಳಿದಳು.

ಹಿತ್ತಲಲ್ಲಿ ಹಸೀನಾಬಿ ತಂಬಿಗೆಯಿಂದ ನೀರು ಹನಿಸಿದಳು. ಮಾದೇವಿ ತಿಕ್ಕಿ ತಿಕ್ಕಿ ತೊಳೆದಳು. ಬಿಳಿ ನೀರು ಬಚ್ಚಲ ಕಲ್ಲಿನ ಮೇಲೆ ಹರಿದು ಹೋಯಿತು. ತಂಬಿಗೆ ಖಾಲಿಯಾದಾಗ ಹಸೀನಾಬಿ ಇನ್ನೊಂದು ತುಂಬಿ ತಂದಳು.

ದಾವಲಸಾಬ ಎರಡೂ ದೀಪ ಹಚ್ಚಿ, ಸ್ಟೂಲಿನ ಮೇಲೆ ಕೂತವಳನ್ನು ನೋಡಿ ಗೊಣಗಿದ. "ಪೌಡರ ಇಲ್ದ ಕರ್ರಗ ಬರತೈತಿ ತಂಗಿ. ಆಮ್ಯಾಲ ನನ್ನ ಬೈಬ್ಯಾಡ್ರಿ."

"ಇದ್ದಂಗ ತಗೀರಿ."

ಅವನು ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿ, ಮತ್ತೆ ಹೊರಗೆ ತೆಗೆದ. "ಎಡಗಿವಿ ಬಾಜೂಕ ಬೆಳ್ಳಗ ಉಳದೈತಲ್ರೀ. ಯಾರರೆ ಒರಸ್ರಿ."

ಹಸೀನಾಬಿ ಇದ್ದಲ್ಲೇ ನಿಂತಿದ್ದಳು. ಬಸವಣ್ಣೆವ್ವ ಒಂದು ಗಳಿಗೆ ಅವಳನ್ನು ನೋಡಿದಳು, ಮಗಳನ್ನು ನೋಡಿದಳು. ಎದ್ದು, ಧೂಳುಗಾಲಿನಲ್ಲೇ ಹೊಸ್ತಿಲು ದಾಟಿ ಒಳಗೆ ಬಂದಳು. ಸೆರಗಿನ ತುದಿಯನ್ನು ಎಂಜಲಲ್ಲಿ ತೋಯಿಸಿ, ಕೂಸಿನ ಮುಖ ಒರೆಸುವ ಹಾಗೆ ಮಗಳ ಕಿವಿಯ ಬುಡವನ್ನು ಒರೆಸಿದಳು. ಬೈತಲೆಯ ಹತ್ತಿರ ಇನ್ನೊಂದಿಷ್ಟಿತ್ತು. ಅದನ್ನೂ ಒರೆಸಿದಳು.

"ಫೋಟೋದಾಗ ಬರತೀ ನೋಡಬೇ ಯಕ್ಕಾ, ಸರಿ" ಅಂದ ದಾವಲಸಾಬ.

ಬಸವಣ್ಣೆವ್ವ ಒಂದು ಹೆಜ್ಜೆ ಸರಿದು, ಗೋಡೆಗೆ ಬೆನ್ನು ಹಚ್ಚಿ ಅಲ್ಲೇ ನಿಂತಳು.