ಕರಿಯ ತುದಿಯ ಎರಡು ಕುಳಿ

ಟಕ್ — ಮತ್ತೆ ಅದೇ ಸದ್ದು, ಗೋಡೆಯ ಗಡಿಯಾರದ್ದಲ್ಲ, ಅದು ನಿಂತು ಎಷ್ಟೋ ಕಾಲವಾಯಿತು, ಇದು ಅವನ ಬಾಯಿಯೊಳಗಿನದು, ಹೊಸದಾಗಿ ಕಟ್ಟಿಸಿದ ಕೆಳಗಿನ ಹಲ್ಲುಸೆಟ್ಟು ಒಸಡು ಬಿಟ್ಟೆದ್ದು ಮೇಲಿನದಕ್ಕೆ ಬಡಿಯುವ ಸದ್ದು, ಎಂಜಲು ನುಂಗಿದರೂ ಟಕ್, ನಿಟ್ಟುಸಿರಿಟ್ಟರೂ ಟಕ್ — ಅಜ್ಜನ ಬಾಯಲ್ಲಿ ಗಡಿಯಾರ ಇದೆ ಅಂದಳಲ್ಲ ತಂಗಿಯ ಮೊಮ್ಮಗಳು ಆ ಭಾನುವಾರ, ಅವರ ಮನೆಯ ಊಟದ ಮೇಜಿನಲ್ಲಿ, ಅವಳಮ್ಮ ಕಣ್ಣು ಬಿಟ್ಟಳು, ಅವನು ಮಾತ್ರ ನಕ್ಕುಬಿಟ್ಟ, ನಗಬಾರದಿತ್ತು, ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ, ನಕ್ಕ ರಭಸಕ್ಕೆ ಕೆಳಗಿನ ಸೆಟ್ಟು ಜಾರಿ ತಟ್ಟೆಯ ನಡುವೆ ಬಂದು ಕುಳಿತಿತು, ಕರೆಯದೇ ಬಂದ ನೆಂಟನ ಹಾಗೆ. ಯಾರಾದರೂ ನಕ್ಕಿದ್ದರೆ ಅವನೂ ನಗುತ್ತಿದ್ದ, ಯಾರೂ ನಗಲಿಲ್ಲ, ತಂಗಿಯ ಗಂಡ ನೀರಿನ ಲೋಟದೊಳಗೆ ಏನನ್ನೋ ಹುಡುಕುವವನಂತೆ ತಲೆ ತಗ್ಗಿಸಿದ. ಅಂದಿನಿಂದ ಪ್ರತಿ ಭಾನುವಾರ ಹೊಟ್ಟೆ ಸರಿಯಿಲ್ಲವೆಂಬ ನೆಪ, ಹೊಟ್ಟೆ ಸರಿಯಾಗಿಯೇ ಇದೆ, ಅದನ್ನು ಏನೂ ತಲುಪುವುದಿಲ್ಲ ಅಷ್ಟೆ — ಬೆಳಿಗ್ಗೆ ತಂಗಿ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದಳು, ಅಣ್ಣಾ, ಇವತ್ತೂ ನೆಪ ಹೇಳಿದ್ರೆ ಇನ್ನು ಕರೆಯೋದೇ ಇಲ್ಲ ನೋಡು, ಎಷ್ಟು ಅಂತ ಗೋಗರೀಲಿ, ಮಧ್ಯಾಹ್ನ ಫೋನ್ ಮಾಡ್ತೀನಿ, ಬರ್ತೀನಿ ಅಂತ ಒಂದು ಮಾತು ಹೇಳು ಸಾಕು. ಒಂದು ಮಾತು. ವಾರದಲ್ಲಿ ಅವನ ಹತ್ತಿರ ಯಾರಾದರೂ ಮಾತನಾಡುವುದಿದ್ದರೆ ಆ ಮೇಜಿನಲ್ಲಿ, ಉಳಿದ ದಿನವೆಲ್ಲ ತೊಟ್ಟಿಕ್ಕುವ ನಲ್ಲಿಯದೇ ಮಾತು.

ಬರ್ತೀನಿ, ಎಂದು ಕನ್ನಡಿಗೆ ಹೇಳಿ ನೋಡಿದ, ಟಕ್, ಇನ್ನೊಮ್ಮೆ, ಟಕ್, ಒಸಡಿನ ಹುಣ್ಣಿಗೆ ಉಪ್ಪು ಸವರಿದ ಹಾಗಾಯಿತು, ಸಾಕಪ್ಪಾ ಸಾಕು — ಬೀರುವಿನ ಬಾಗಿಲು ಯಾವಾಗ ತೆರೆದನೋ, ಪೆಟ್ಟಿಗೆ ಯಾವಾಗ ಇಳಿಸಿದನೋ, ಕ್ಲಾರಿನೆಟ್ಟು ಮಡಿಲಲ್ಲಿತ್ತು, ಅದರ ಬಾಯಿಗಿಡುವ ಕರಿಯ ತುದಿಯ ಮೇಲೆ ಎರಡು ಕುಳಿ, ಬ್ಯಾಂಡಿನಲ್ಲಿ ಊದಿದಷ್ಟು ಕಾಲವೂ ಅವನ ಸ್ವಂತ ಮುಂಬಲ್ಲುಗಳೆರಡು ಕೂತು ಕೂತು ಕೊರೆದದ್ದು, ಏನಯ್ಯಾ, ಊದ್ತೀಯೋ ಕಡೀತೀಯೋ, ಎನ್ನುತ್ತಿದ್ದ ಡೋಲಿನವನು, ಪಾಪ, ಅವನೂ ಹೋದ, ಡೋಲೂ ಹೋಯಿತು. ಬೆರಳಿನಿಂದ ಕುಳಿಗಳನ್ನು ಸವರಿದ, ಸುಮ್ಮನೆ ತುಟಿಗಿಟ್ಟ — ದವಡೆ ತುಸು ಮುಂದೆ ಸರಿಯಿತು, ಕೆಳದುಟಿ ಒಳಗೆ ಮಡಚಿಕೊಂಡಿತು, ಆಗ ಬಾಯಿಯೊಳಗೆ ಎಲ್ಲವೂ ತಣ್ಣಗೆ ತಮ್ಮ ತಮ್ಮ ಜಾಗದಲ್ಲಿ ಕುಳಿತವು, ಸದ್ದಿಲ್ಲ, ನೋವಿಲ್ಲ, ಬೀಗಕ್ಕೆ ಬೀಗದ ಕೈ ಕೂತ ಹಾಗೆ. ಹಾಗಾದರೆ ಅಂದು — ಸೆಟ್ಟಿನ ಅಳತೆಯ ದಿನ, ಬಾಯ್ತುಂಬ ಬೆಚ್ಚನೆಯ ಮೇಣ, ಹಲ್ಲಿನ ಡಾಕ್ಟರು, ಸಹಜವಾಗಿ ಕಚ್ಚಿ ಯಜಮಾನ್ರೇ, ನಿಮಗೆ ಹೇಗೆ ರೂಢಿಯೋ ಹಾಗೆ, ಎಂದಿದ್ದರು, ಅವನು ರೂಢಿಯಂತೆಯೇ ಕಚ್ಚಿದ್ದ, ಊದುವವನ ರೂಢಿಯಂತೆ, ಇಷ್ಟು ಅಲ್ಲಾಡದೆ ಕೂತವರನ್ನೇ ನೋಡಿಲ್ಲ ಎಂದು ಅವರು ಹೊಗಳಿದಾಗ ಹಿಗ್ಗಿದ್ದ ಬೇರೆ. ಉಣ್ಣುವುದಕ್ಕಲ್ಲ, ಮಾತಾಡುವುದಕ್ಕಲ್ಲ, ನಗುವುದಕ್ಕಂತೂ ಅಲ್ಲ, ಊದುವುದಕ್ಕೆ ಹಲ್ಲು ಮಾಡಿಸಿಕೊಂಡು ಬಂದಿದ್ದಾನೆ, ಊದಲು ಬ್ಯಾಂಡೇ ಇಲ್ಲದ ಕಾಲದಲ್ಲಿ, ಡಾಕ್ಟರಿಗೆ ಹೇಳಿದರೆ ಹೊಸದಾಗಿ ಅಳತೆ ತೆಗೆದಾರು, ನಾಳೆ, ನಾಳೆ ಹೋದರಾಯಿತು, ಆದರೆ ಇವತ್ತು —

ಫೋನು. ಎತ್ತಿ ಕಿವಿಗಿಟ್ಟ. ಅಣ್ಣಾ, ತಟ್ಟೆ ಹಾಕಿದೀನಿ, ಎಲ್ಲಾ ಕಾಯ್ತಿದ್ದಾರೆ, ಅವಳ ಹಿಂದೆ ಚಮಚಗಳ ಸದ್ದು, ಮಗುವಿನ ನಗು, ಅವನ ಬಾಯಲ್ಲಿ ಇನ್ನೂ ಆ ಕರಿಯ ತುದಿ, ತೆಗೆದರೆ ಟಕ್, ತೆಗೆಯದಿದ್ದರೆ ಮಾತಿಲ್ಲ, ತೆಗೆದ, ಬ ಎನ್ನಲು ತುಟಿ ಕೂಡಿಸಿದ, ಕೆಳಗಿನದು ಆಗಲೇ ಎದ್ದು ನಿಂತಿತು, ಬಾಯಿ ಬಿಗಿದ, ಅಣ್ಣಾ, ಕೇಳಿಸ್ತಿದೆಯಾ, ಏನಾದ್ರೂ ಹೇಳೋ — ಉಸಿರಷ್ಟೇ ಹೋಯಿತು ಅತ್ತ — ಆಯ್ತಪ್ಪ, ನಿನ್ನಿಷ್ಟ, ಫೋನು ಇಟ್ಟಳು, ನಲ್ಲಿ, ಮಡಿಲು, ಒದ್ದೆಯಾದ ಕರಿಯ ತುದಿ, ಅದರ ಮೇಲೆ ಹೊಸ ಹಲ್ಲುಗಳ ಎಂಜಲ ಗುರುತು ಎರಡು ಕಡೆ, ಬೇರೆಯೇ ಕಡೆ, ನಡುವೆ ಆ ಕುಳಿಗಳು, ಎರಡು ಕುಳಿ, ಒಣಗಿದ, ಖಾಲಿ, ಎರಡು ಕುಳಿ —